ಹತ್ತು ಗೋಲುಗಳ ಎದುರು ಒಂದು ಗೋಲು: ಬೆಂಗಳೂರಿನ ಅಹ್ಮದ್ ಖಾನ್



ಇತಿಹಾಸ ಎಂದರೆ ರಾಜರು, ಯುದ್ಧಗಳು ಮತ್ತು ಒಪ್ಪಂದಗಳ ಪಟ್ಟಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಬದುಕಿಗೆ ಅದು ಸಾಲದು. ಒಂದು ಚೆಂಡಿನ ಹಿಂದೆ ಬರಿಗಾಲಲ್ಲಿ ಓಡಿದ ಒಬ್ಬ ಮನುಷ್ಯನ ಜೀವನದಲ್ಲಿಯೂ ಒಂದು ದೇಶದ ಇತಿಹಾಸ ಅಡಗಿರುತ್ತದೆ. ಅಂಥ ಒಬ್ಬರನ್ನು ಈ ಲೇಖನದಲ್ಲಿ ನಿಮಗೆ ಪರಿಚಯಿಸಬೇಕೆಂದಿದ್ದೇನೆ.

ಮೊದಲು ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ರಾಯಬಾಗದ ಯಾವುದೇ ಶಾಲೆಯ ಅಂಗಳದಲ್ಲಿ ನಿಂತು, "ಫುಟ್ಬಾಲ್ ಆಟಗಾರರ ಹೆಸರು ಹೇಳಿರಿ" ಎಂದು ಕೇಳಿರಿ. ಮೆಸ್ಸಿ, ರೊನಾಲ್ಡೊ, ನೇಮಾರ್ ಎಂದು ಮಕ್ಕಳು ಪಟಪಟನೆ ಹೇಳುತ್ತಾರೆ. "ಭಾರತದವರು ಯಾರು?" ಎಂದರೆ ಸುನಿಲ್ ಛೆಟ್ರಿಯ ಹೆಸರು ಬರುತ್ತದೆ. "ನಮ್ಮ ಕರ್ನಾಟಕದವರು?" ಎಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಎರಡು ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕಾಗಿ ಆಡಿದ, ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಬೆಂಗಳೂರಿನ ಅಹ್ಮದ್ ಖಾನ್ ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಮಕ್ಕಳ ಮಾತು ಬಿಡಿ, ಶಿಕ್ಷಕರಾದ ನಮಗೂ ಎಷ್ಟು ಗೊತ್ತು? ನಾನು ಬಿ.ಇಡ್. ಮುಗಿಸಿ ಶಾಲೆಗೆ ಸೇರುವವರೆಗೂ ಈ ಹೆಸರನ್ನು ಕೇಳಿರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ದಂಡು ಪ್ರದೇಶದ ಮೈದಾನಗಳು

ಅಹ್ಮದ್ ಖಾನ್ ಅವರ ಬಾಲ್ಯವನ್ನು ತಿಳಿಯಬೇಕಾದರೆ ಆಗಿನ ಬೆಂಗಳೂರನ್ನು ಸ್ವಲ್ಪ ತಿಳಿಯಬೇಕು. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು, ಅಂದರೆ ಕಂಟೋನ್ಮೆಂಟನ್ನು ಸ್ಥಾಪಿಸಿದರು. ಸೈನಿಕರು ಬಂದ ಮೇಲೆ ಅವರ ಆಟಗಳೂ ಬಂದವು. ಸಂಜೆಯ ಹೊತ್ತು ಗೋರಾ ಸಿಪಾಯಿಗಳು ಆಡುವ ಫುಟ್ಬಾಲನ್ನು ಸುತ್ತಲಿನ ಬಡಾವಣೆಗಳ ಹುಡುಗರು ಬೇಲಿಯ ಹೊರಗೆ ನಿಂತು ನೋಡುತ್ತಿದ್ದರು. ನೋಡಿದ್ದನ್ನು ತಮ್ಮ ಓಣಿಗಳಲ್ಲಿ ಆಡಿ ಕಲಿತರು. ಬೂಟು ಕೊಳ್ಳುವ ಶಕ್ತಿ ಇರಲಿಲ್ಲ, ಆದ್ದರಿಂದ ಬರಿಗಾಲಿನಲ್ಲಿಯೇ ಆಡಿದರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಮುಂತಾದ ಕಡೆ ಮನೆಗೊಬ್ಬ ಆಟಗಾರ ಎನ್ನುವಂತೆ ಈ ಆಟ ಬೇರೂರಿತು. ಆಳುವವರ ಆಟ ಆಳಿಸಿಕೊಂಡವರ ಆಟವಾಯಿತು.

ಆ ಕಾಲದಲ್ಲಿ ಮುಂಬಯಿಯ ರೋವರ್ಸ್ ಕಪ್ ದೇಶದ ಬಹು ದೊಡ್ಡ ಪಂದ್ಯಾವಳಿಗಳಲ್ಲಿ ಒಂದಾಗಿತ್ತು. ದಶಕಗಳ ಕಾಲ ಅದನ್ನು ಬ್ರಿಟಿಷ್ ಸೈನಿಕ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಆ ಸಾಲನ್ನು ಮುರಿದ ಭಾರತೀಯ ತಂಡ ಯಾವುದು ಗೊತ್ತೇ? ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮ ರಾಜಧಾನಿಯ ತಂಡ. ಮರುವರ್ಷ 1938ರಲ್ಲಿಯೂ ಅದೇ ತಂಡ ಕಪ್ಪನ್ನು ಉಳಿಸಿಕೊಂಡಿತು. ಅತ್ತ ಕಲ್ಕತ್ತೆಯಲ್ಲಿ ಮಹಮೆಡನ್ ಸ್ಪೋರ್ಟಿಂಗ್ ಕ್ಲಬ್ 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗ್ ಗೆದ್ದು ಹೆಸರು ಮಾಡಿತ್ತು. ಆ ತಂಡವೂ ಬೆಂಗಳೂರಿನಿಂದ ಆಟಗಾರರನ್ನು ಕರೆಸಿಕೊಳ್ಳುತ್ತಿತ್ತು. ದಕ್ಷಿಣದ ನಮ್ಮ ಊರು ಆಗಲೇ ಉತ್ತರದ ದೊಡ್ಡ ಕ್ಲಬ್ಬುಗಳಿಗೆ ಆಟಗಾರರನ್ನು ಕೊಡುವ ಕಣಜವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಮನೆಯೇ ಮೊದಲ ಪಾಠಶಾಲೆ

ಇಂಥ ಬೆಂಗಳೂರಿನಲ್ಲಿ 1926ರ ಡಿಸೆಂಬರ್ 24ರಂದು ಅಹ್ಮದ್ ಖಾನ್ ಜನಿಸಿದರು. ತಂದೆಯವರನ್ನು ಜನ ಬಾಬಾ ಖಾನ್ ಎಂದು ಕರೆಯುತ್ತಿದ್ದರು. ಅವರು ಸ್ವತಃ ಫುಟ್ಬಾಲ್ ಆಟಗಾರರು. ಅಹ್ಮದ್ ಅವರ ಸಹೋದರರೂ ಇದೇ ಆಟಕ್ಕೆ ಬಂದವರು. ಅಪ್ಪ ಮಕ್ಕಳು ಒಂದೇ ಚೆಂಡಿನ ಬೆನ್ನು ಹತ್ತಿದ ಮನೆತನ ಅದು. ಶಿಕ್ಷಣಶಾಸ್ತ್ರದಲ್ಲಿ "ಮನೆಯೇ ಮೊದಲ ಪಾಠಶಾಲೆ" ಎಂದು ನಾವು ಓದುತ್ತೇವೆ. ಆ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಬೆಂಗಳೂರಿನ ಕ್ರೆಸೆಂಟ್ ಮತ್ತು ಬೆಂಗಳೂರು ಮುಸ್ಲಿಮ್ಸ್ ತಂಡಗಳಲ್ಲಿ ಅಹ್ಮದ್ ಖಾನ್ ಆಟ ಪಳಗಿತು. ಮೈದಾನದಲ್ಲಿ ಅವರ ಜಾಗ ಎಡಭಾಗದ ಒಳ ಮುನ್ನಡೆ ಆಟಗಾರನದು. ಚೆಂಡು ಅವರ ಬರಿಗಾಲಿಗೆ ಬಂದರೆ ಅಂಟಿಕೊಂಡಂತೆ ಇರುತ್ತಿತ್ತು. ಎದುರಾಳಿಯನ್ನು ಒಂದು ಕಡೆ ಎಳೆದು ತಾವು ಇನ್ನೊಂದು ಕಡೆ ನುಸುಳಿಬಿಡುತ್ತಿದ್ದರು. ಹಾವಾಡಿಗ ಹಾವನ್ನು ಆಡಿಸುವಂತೆ ಚೆಂಡನ್ನು ಆಡಿಸುತ್ತಾರೆಂದು ಜನ ಅವರಿಗೆ "ಹಾವಾಡಿಗ" ಎಂದೇ ಅಡ್ಡಹೆಸರಿಟ್ಟರು. ಬೂಟಿಲ್ಲದ ಕಾಲು ಬಡತನದ ಗುರುತು ಎಂದು ನಾವು ತಿಳಿಯುತ್ತೇವೆ. ಆದರೆ ಒಣ ನೆಲದ ಮೇಲೆ ಅದೇ ಬರಿಗಾಲು ಚೆಂಡಿನ ಪ್ರತಿಯೊಂದು ತಿರುವನ್ನೂ ಚರ್ಮದಿಂದಲೇ ತಿಳಿಯುತ್ತಿತ್ತು. ಅವರು ಬಡತನವನ್ನೇ ವಿದ್ಯೆಯನ್ನಾಗಿ ಮಾಡಿಕೊಂಡರು.

ಲಂಡನ್, 1948

ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸ್‌ಗೆ ಭಾರತದ ಫುಟ್ಬಾಲ್ ತಂಡ ಹೊರಟಿತು. ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್ಬಾಲ್ ಆಡಿದ್ದು ಅದೇ ಮೊದಲು. ಆ ತಂಡದಲ್ಲಿ 21 ವರ್ಷದ ಅಹ್ಮದ್ ಖಾನ್ ಇದ್ದರು. ಅವರ ಜೊತೆಗೆ ರಾಮನ್, ಧನರಾಜ್, ಗೋಲ್‌ಕೀಪರ್ ವರದರಾಜ್ ಮುಂತಾಗಿ ಮೈಸೂರು ಸೀಮೆಯಿಂದ ಬಂದ ಹಲವರಿದ್ದರು.

ಆ ತಂಡದ ನಾಯಕರ ಬಗ್ಗೆ ವಿದ್ಯಾರ್ಥಿಗಳಾದ ನೀವು ವಿಶೇಷವಾಗಿ ತಿಳಿಯಬೇಕು. ಅವರು ಈಶಾನ್ಯದ ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ. ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಿದ್ದ ವಿದ್ಯಾರ್ಥಿ. ಮಗ ವೈದ್ಯನಾಗಬೇಕೆಂಬುದು ತೀರಿಹೋದ ತಂದೆಯ ಆಸೆಯಾಗಿತ್ತು. ಆವೊ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಚೆಂಡು ಹಿಡಿದು ನಡೆದರು. ಒಲಿಂಪಿಕ್ಸ್‌ನಲ್ಲಿ ದೇಶದ ನಾಯಕತ್ವ ವಹಿಸಿ ಬಂದ ಮೇಲೆ 1950ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದರು. ತಮ್ಮ ನಾಡಿಗೇ ಮರಳಿ ಜನರ ಸೇವೆ ಮಾಡಿ, ನಾಗಾಲ್ಯಾಂಡ್ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾದರು. "ಆಟ ಆಡಿದರೆ ಓದು ಕೆಡುತ್ತದೆ" ಎನ್ನುವ ಪಾಲಕರು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

1948ರ ಜುಲೈ 31ರಂದು ಲಂಡನ್ನಿನ ಹತ್ತಿರದ ಇಲ್‌ಫರ್ಡ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮ ಬಹುತೇಕ ಆಟಗಾರರು ಬರಿಗಾಲಿನಲ್ಲಿದ್ದರು. ಫ್ರಾನ್ಸಿನವರು ಬೂಟು ತೊಟ್ಟಿದ್ದರು. ನೋಡಲು ಬಂದ ಜನರಿಗೆ ಇದೊಂದು ಬೆರಗು. ಮೊದಲು ಫ್ರಾನ್ಸ್ ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ರಾಮನ್ ಸಮ ಮಾಡಿದರು. ನಮಗೆ ಎರಡು ಪೆನಾಲ್ಟಿ ಅವಕಾಶಗಳು ಸಿಕ್ಕವು, ಎರಡೂ ಕೈತಪ್ಪಿದವು. ಪಂದ್ಯ ಮುಗಿಯಲು ಒಂದು ನಿಮಿಷ ಇರುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಭಾರತ ಸೋತರೂ ಅಲ್ಲಿನ ಪ್ರೇಕ್ಷಕರು ನಮ್ಮವರನ್ನು ಮೆಚ್ಚಿದರು. ಬೂಟು ಏಕಿಲ್ಲ ಎಂದು ಕೇಳಿದ ಪತ್ರಕರ್ತರಿಗೆ ಆವೊ, ನಾವು ಆಡುವುದು ಕಾಲ್ಚೆಂಡು, ನೀವು ಆಡುವುದು ಬೂಟುಚೆಂಡು ಎಂಬ ಅರ್ಥದಲ್ಲಿ ಚಟಾಕಿ ಹಾರಿಸಿದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ನಿರಾಶ್ರಿತರ ತಂಡದಲ್ಲಿ ಒಬ್ಬ ಬೆಂಗಳೂರಿಗ

1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಸೇರಿದರು. ಓದುಗರೇ, ಈ ಸಂಗತಿಯ ಮುಂದೆ ಸ್ವಲ್ಪ ನಿಲ್ಲೋಣ. ಏಕೆಂದರೆ ಅಹ್ಮದ್ ಖಾನ್ ಅವರ ಜೀವನದಲ್ಲಿ ನಾನು ಅತ್ಯಂತ ಮಹತ್ವದ್ದೆಂದು ತಿಳಿದಿರುವುದು ಯಾವುದೇ ಕಪ್ಪಲ್ಲ, ಈ ಸೇರ್ಪಡೆ.

1920ರ ಆಗಸ್ಟ್ 1ರಂದು ಸ್ಥಾಪನೆಯಾದ ಈ ಕ್ಲಬ್ ಹೆಸರೇ ಹೇಳುವಂತೆ ಪೂರ್ವ ಬಂಗಾಳದ ಮೂಲದವರದು. 1947ರಲ್ಲಿ ದೇಶ ಒಡೆಯಿತು. ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಹೋಯಿತು. ಲಕ್ಷಾಂತರ ಹಿಂದೂ ಕುಟುಂಬಗಳು ಮನೆ, ಹೊಲ, ಕೊಳ ಎಲ್ಲವನ್ನೂ ಬಿಟ್ಟು ಕಲ್ಕತ್ತೆಗೆ ಬಂದವು. ಅದೇ ಹೊತ್ತಿಗೆ ಆ ನಗರದ ಎಷ್ಟೋ ಮುಸ್ಲಿಮ್ ಕುಟುಂಬಗಳು ಭಯದಿಂದ ಆ ಕಡೆಗೆ ಹೋದವು. 1946ರಲ್ಲಿ ಕಲ್ಕತ್ತೆ ಕಂಡ ರಕ್ತಪಾತದ ನೆನಪು ಇನ್ನೂ ಹಸಿಯಾಗಿತ್ತು. 1950ರ ಆರಂಭದಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ಗಲಭೆಗಳಾದವು. ಆ ವರ್ಷದ ಏಪ್ರಿಲ್‌ನಲ್ಲಿ ಉಭಯ ದೇಶಗಳ ಅಲ್ಪಸಂಖ್ಯಾತರ ರಕ್ಷಣೆಗಾಗಿ ನೆಹರೂ ಮತ್ತು ಲಿಯಾಕತ್ ಅಲಿ ಖಾನ್ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಊರು ಕಳೆದುಕೊಂಡು ಬಂದ ಆ ಜನರಿಗೆ ಕಳೆದುಹೋದ ಊರಿನ ಹೆಸರು ಉಳಿದಿದ್ದು ಎಲ್ಲಿ? ಒಂದು ಫುಟ್ಬಾಲ್ ಕ್ಲಬ್ಬಿನಲ್ಲಿ. ಆ ಕ್ಲಬ್ಬಿನ ಕೆಂಪು ಮತ್ತು ಹಳದಿ ಬಣ್ಣದ ಅಂಗಿ ತೊಟ್ಟು, ಅವರ ಮಾನ ಕಾಯಲು ಮೈದಾನಕ್ಕಿಳಿದವರು ಯಾರು? ಆಂಧ್ರದ ಅಪ್ಪಾರಾವ್, ಕೇರಳದ ಸಾಲೆ, ವೆಂಕಟೇಶ್, ಬೆಂಗಳೂರಿನ ಧನರಾಜ್ ಮತ್ತು ಬೆಂಗಳೂರಿನ ಅಹ್ಮದ್ ಖಾನ್. ಐವರೂ ದಕ್ಷಿಣ ಭಾರತದವರು. ಐವರಿಗೂ ಬಂಗಾಳಿ ಮಾತೃಭಾಷೆಯಲ್ಲ. ಸಾಲೆ ಮತ್ತು ಅಹ್ಮದ್ ಮುಸ್ಲಿಮರು. ಅಭಿಮಾನಿಗಳು ಈ ಐವರನ್ನು ಏನೆಂದು ಕರೆದರು ಗೊತ್ತೇ? "ಪಂಚಪಾಂಡವರು" ಎಂದು!

ಮುಸ್ಲಿಮರ ಮೇಲೆ ಸಿಟ್ಟಾಗಲು ಕಾರಣಗಳಿವೆ ಎಂದು ತಿಳಿದಿದ್ದ ನಿರಾಶ್ರಿತರೇ ಅಹ್ಮದ್ ಖಾನ್ ಚೆಂಡು ಹಿಡಿದೊಡನೆ ಎದ್ದು ನಿಂತು ಕೂಗುತ್ತಿದ್ದರು. ತನ್ನ ಸಮುದಾಯದ ಜನ ಆ ನಗರವನ್ನು ಬಿಟ್ಟು ಹೋಗುತ್ತಿರುವಾಗ ಅಹ್ಮದ್ ಖಾನ್ ದೂರದ ಬೆಂಗಳೂರಿನಿಂದ ಅಲ್ಲಿಗೆ ಹೋಗಿ ನೆಲೆ ನಿಂತರು. ಒಂದಲ್ಲ ಎರಡಲ್ಲ, ಸುಮಾರು ಹತ್ತು ವರ್ಷ ಅದೇ ಕ್ಲಬ್ಬಿಗೆ ಆಡಿದರು. ಕೋಮು ಸೌಹಾರ್ದದ ಬಗ್ಗೆ ನಾವು ಪ್ರತಿ ವರ್ಷ ಭಾಷಣ ಸ್ಪರ್ಧೆ ಏರ್ಪಡಿಸುತ್ತೇವೆ. ಅಹ್ಮದ್ ಖಾನ್ ಅದನ್ನು ಸಾವಿರಾರು ಜನರೆದುರು ಆಡಿ ತೋರಿಸಿದರು. ಅವರ ಕೆಲಸ ಚೆನ್ನಾಗಿತ್ತು, ಜನ ಆ ಕೆಲಸವನ್ನು ನೋಡಿ ಮನುಷ್ಯನನ್ನು ಒಪ್ಪಿದರು. ಇದು ನಮಗೆ ದೊಡ್ಡ ಪಾಠವಾಗಿದೆ.

ಆ ತಂಡದ ಸಾಧನೆಯೂ ಸಾಮಾನ್ಯವಾದುದಲ್ಲ. 1949ರಲ್ಲಿ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದಿತು. 1949, 1950 ಮತ್ತು 1951ರಲ್ಲಿ ಸತತ ಮೂರು ಬಾರಿ ಐ.ಎಫ್.ಎ. ಶೀಲ್ಡ್ ಪಡೆಯಿತು. 1951 ಮತ್ತು 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ ಗೆದ್ದು, 1956ರಲ್ಲಿ ಮತ್ತೊಮ್ಮೆ ಗೆದ್ದಿತು. 1953ರಲ್ಲಿ ರುಮೇನಿಯಾ ಮತ್ತು ಸೋವಿಯತ್ ರಷ್ಯಾದ ಪ್ರವಾಸವನ್ನೂ ಮಾಡಿ ಬಂದಿತು.

ದೆಹಲಿಯ ಚಿನ್ನ ಮತ್ತು ಒಬ್ಬ ಶಾಲಾ ಶಿಕ್ಷಕ

1951ರ ಮಾರ್ಚ್ ತಿಂಗಳಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ಫುಟ್ಬಾಲ್‌ನಲ್ಲಿ ಆರು ದೇಶಗಳಿದ್ದವು. ಭಾರತ ಇಂಡೊನೇಷ್ಯಾವನ್ನು 3–0, ಅಫ್ಘಾನಿಸ್ತಾನವನ್ನು 3–0 ಗೋಲುಗಳಿಂದ ಸೋಲಿಸಿತು. ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನ ಗೆದ್ದಿತು. ಶೈಲೇನ್ ಮನ್ನಾ ನಾಯಕರಾಗಿದ್ದ ಆ ವಿಜಯೀ ತಂಡದಲ್ಲಿ ಅಹ್ಮದ್ ಖಾನ್ ಇದ್ದರು.

ಆ ತಂಡವನ್ನು ತರಬೇತುಗೊಳಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಎಲ್ಲರೂ ಅವರನ್ನು ರಹೀಮ್ ಸಾಹೇಬರು ಎನ್ನುತ್ತಿದ್ದರು. ಅವರು ವೃತ್ತಿಯಲ್ಲಿ ಯಾರು? ನಮ್ಮ ನಿಮ್ಮಂತೆ ಶಾಲಾ ಶಿಕ್ಷಕರು! ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿದವರು, ದೈಹಿಕ ಶಿಕ್ಷಣದ ತರಬೇತಿ ಪಡೆದವರು. ಪಾಠದ ಯೋಜನೆ ಬರೆಯುವಂತೆಯೇ ಆಟದ ಯೋಜನೆ ಮಾಡಿ, ಪ್ರತಿಯೊಬ್ಬ ಆಟಗಾರನ ಬಲ ದೌರ್ಬಲ್ಯ ನೋಡಿ ಕಲಿಸಿದರು. ಅವರ ಮಾರ್ಗದರ್ಶನದಲ್ಲಿ ಭಾರತ 1951ರಲ್ಲಿ ಒಮ್ಮೆ, 1962ರಲ್ಲಿ ಜಕಾರ್ತದಲ್ಲಿ ಇನ್ನೊಮ್ಮೆ ಏಷ್ಯನ್ ಚಿನ್ನ ಗೆದ್ದಿತು. ಮರುವರ್ಷವೇ, 1963ರ ಜೂನ್‌ನಲ್ಲಿ, ರಹೀಮ್ ಸಾಹೇಬರು ಕ್ಯಾನ್ಸರ್‌ನಿಂದ ತೀರಿಕೊಂಡರು. 2024ರಲ್ಲಿ ಅವರ ಜೀವನ ಕುರಿತು "ಮೈದಾನ್" ಎಂಬ ಹಿಂದಿ ಚಲನಚಿತ್ರ ಬಂದ ಮೇಲೆ ಹೊಸ ಪೀಳಿಗೆಗೆ ಆ ಹೆಸರು ತಿಳಿಯಿತು. ಅಹ್ಮದ್ ಖಾನ್ ಅವರ ಹೆಸರಿಗೆ ಅಂಥ ಪ್ರಚಾರ ಇನ್ನೂ ಸಿಕ್ಕಿಲ್ಲ.

ಇಲ್ಲಿ ಇನ್ನೊಂದು ಮಾತು. 1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶ ಸಿಕ್ಕಿತ್ತು, ಆದರೆ ನಮ್ಮವರು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆಯನ್ನು ನೀವು ಕೇಳಿರಬಹುದು. ಕೇಳಲು ಚೆನ್ನಾಗಿದೆ, ಆದರೆ ಅದು ಪೂರ್ಣ ಸತ್ಯವಲ್ಲ. ಹಡಗಿನ ದೀರ್ಘ ಪ್ರಯಾಣ, ಅಭ್ಯಾಸಕ್ಕೆ ಸಮಯದ ಕೊರತೆ, ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದೆಂಬ ಅಂದಿನ ಅಧಿಕಾರಿಗಳ ಭಾವನೆ, ಹೀಗೆ ಹಲವು ಕಾರಣಗಳಿದ್ದವು. ಇತಿಹಾಸದ ವಿದ್ಯಾರ್ಥಿ ಸ್ವಾರಸ್ಯಕರವಾದ ಕಥೆಯನ್ನು ಕೇಳಿದೊಡನೆ ನಂಬದೆ, "ಬೇರೆ ಕಾರಣಗಳೂ ಇರಬಹುದೇ?" ಎಂದು ಕೇಳಬೇಕು. ಕಾರಣ ಯಾವುದೇ ಇರಲಿ, ಆಗ ಆಟದ ಉಚ್ಛ್ರಾಯದಲ್ಲಿದ್ದ ಅಹ್ಮದ್ ಖಾನ್ ಅವರಿಗೆ ವಿಶ್ವಕಪ್ ಆಡುವ ಅವಕಾಶ ಶಾಶ್ವತವಾಗಿ ತಪ್ಪಿತು.

ಹೆಲ್ಸಿಂಕಿ, 1952

ಈಗ ಶೀರ್ಷಿಕೆಯಲ್ಲಿ ಹೇಳಿದ ಗೋಲಿಗೆ ಬರೋಣ. 1952ರ ಜುಲೈ 15. ಫಿನ್ಲೆಂಡಿನ ಹೆಲ್ಸಿಂಕಿ ಒಲಿಂಪಿಕ್ಸ್. ಭಾರತದ ಎದುರಾಳಿ ಯುಗೊಸ್ಲಾವಿಯ. 1948ರಲ್ಲಿ ಬೆಳ್ಳಿ ಗೆದ್ದಿದ್ದ ತಂಡ, ಈ ಸಲವೂ ಬೆಳ್ಳಿಯನ್ನೇ ಗೆಲ್ಲಲಿದ್ದ ತಂಡ. ಉತ್ತರ ಯುರೋಪಿನ ಚಳಿ. ನಮ್ಮ ಬಹುತೇಕರದು ಬರಿಗಾಲು. ಬೆಂಗಳೂರಿನ ಒಣ ಮೈದಾನದಲ್ಲಿ ವಿದ್ಯೆಯಾಗಿದ್ದ ಬರಿಗಾಲು ಅಲ್ಲಿನ ಮೈದಾನದಲ್ಲಿ ಕೈಕೊಟ್ಟಿತು. ಒಂದರ ಮೇಲೊಂದು ಗೋಲು ಬಿದ್ದವು. ಜೆಬೆಕ್ ಎಂಬ ಆಟಗಾರನೊಬ್ಬನೇ ನಾಲ್ಕು ಹೊಡೆದನು. ಒಟ್ಟು ಹತ್ತು ಗೋಲು! ಇನ್ನೇನು ಪಂದ್ಯ ಮುಗಿಯಿತು ಎನ್ನುವಾಗ, 89ನೆಯ ನಿಮಿಷದಲ್ಲಿ, ಅಹ್ಮದ್ ಖಾನ್ ಭಾರತದ ಪರವಾಗಿ ಒಂದು ಗೋಲು ಹೊಡೆದರು. ಫಲಿತಾಂಶ 10–1.

ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಹತ್ತು ಗೋಲ್ ಹೊಡಸ್ಕೊಂಡ ಟೀಮಿನ ಕತಿ ನಮಗ್ಯಾಕ ಹೇಳ್ತೀರಿ? ಗೆದ್ದವ್ರದು ಹೇಳ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಹುಡುಗ ಹಿಂದಿನ ಪರೀಕ್ಷೆಯಲ್ಲಿ ಗಣಿತ ಮತ್ತು ಇಂಗ್ಲಿಷಿನಲ್ಲಿ ಅನುತ್ತೀರ್ಣನಾಗಿದ್ದ. ಮನೆಯಲ್ಲಿ ಅವನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಹಚ್ಚುವ ಮಾತು ನಡೆದಿತ್ತು. "ಸರ್, ನಾ ಹೆಂಗಿದ್ರೂ ಫೇಲ್ ಆಗಾಂವ" ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಮರುದಿನ ನಾನು ಅವನಿಗೆ ಉತ್ತರ ಕೊಟ್ಟೆ. ಹತ್ತು ಗೋಲು ಬಿದ್ದ ಮೇಲೆ 89ನೆಯ ನಿಮಿಷದಲ್ಲಿ ಓಡಲು ಯಾವ ಲಾಭವಿತ್ತು? ಪಂದ್ಯ ಗೆಲ್ಲುವಂತಿರಲಿಲ್ಲ, ಪದಕ ಬರುವಂತಿರಲಿಲ್ಲ. ಉಳಿದವರು ಯಾವಾಗ ಸೀಟಿ ಊದುತ್ತಾರೋ ಎಂದು ಕಾಯುವ ಹೊತ್ತು ಅದು. ಆ ಹೊತ್ತಿನಲ್ಲಿಯೂ ಅಹ್ಮದ್ ಖಾನ್ ಚೆಂಡಿನ ಹಿಂದೆ ಓಡಿದರು. ಆ ಒಂದು ನಿಮಿಷದಿಂದಾಗಿ ಒಲಿಂಪಿಕ್ಸ್ ದಾಖಲೆಯಲ್ಲಿ ಭಾರತದ ಮುಂದೆ ಸೊನ್ನೆ ಇಲ್ಲ, ಒಂದು ಇದೆ. ಅಷ್ಟೇ ಅಲ್ಲ, 1948ರಲ್ಲಿ ಭಾರತದ ಏಕೈಕ ಗೋಲು ಹೊಡೆದ ರಾಮನ್ ಮೈಸೂರು ತಂಡದವರು, 1952ರಲ್ಲಿ ಏಕೈಕ ಗೋಲು ಹೊಡೆದ ಅಹ್ಮದ್ ಖಾನ್ ಬೆಂಗಳೂರಿನವರು. ಅಂದರೆ ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಭಾರತದ ಮೊದಲ ಎರಡೂ ಗೋಲುಗಳು ನಮ್ಮ ನಾಡಿನ ಕಾಲುಗಳಿಂದಲೇ ಬಂದವು. ಸೋತವರ ಕಥೆ ಎಂದು ಬಿಟ್ಟಿದ್ದರೆ ಈ ಹೆಮ್ಮೆಯೂ ನಮಗೆ ಸಿಗುತ್ತಿರಲಿಲ್ಲ.

ಆ ಹುಡುಗ ಏನೂ ಮಾತಾಡಲಿಲ್ಲ. ಆದರೆ ಪೂರಕ ಪರೀಕ್ಷೆಯ ಅರ್ಜಿ ತುಂಬಲು ಬಂದ. ಮೊದಲ ಸಲ ಗಣಿತ ಪಾಸಾಯಿತು, ಇಂಗ್ಲಿಷ್ ಉಳಿಯಿತು. ಎರಡನೆಯ ಸಲ ಅದೂ ಆಯಿತು. ಇದನ್ನು ನನ್ನ ಸಾಧನೆ ಎಂದು ಹೇಳುತ್ತಿಲ್ಲ. ಓದಿದವನು ಅವನು, ಗ್ಯಾರೇಜಿಗೆ ಕಳಿಸದೆ ಒಂದು ವರ್ಷ ಕಾಯ್ದವಳು ಅವನ ಅಮ್ಮಿ. ಒಂದು ಹಳೆಯ ಗೋಲು ಒಬ್ಬ ಹುಡುಗನ ಉಪಯೋಗಕ್ಕೆ ಬಂತು ಎಂದಷ್ಟೇ ಹೇಳುತ್ತೇನೆ.

ಕೃಷ್ಣೆಯ ದಂಡೆಯ ಇನ್ನೊಬ್ಬ

ಅದೇ ಹೆಲ್ಸಿಂಕಿಯಲ್ಲಿ ಎಂಟು ದಿನಗಳ ನಂತರ ನಮ್ಮ ಸೀಮೆಗೆ ಇನ್ನೂ ಹತ್ತಿರದ ಒಬ್ಬರು ಇತಿಹಾಸ ಬರೆದರು. ಅವರು ಖಾಶಾಬಾ ದಾದಾಸಾಹೇಬ್ ಜಾಧವ್. ಕುಸ್ತಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಅವರ ಊರು ಕರಾಡದ ಹತ್ತಿರದ ಗೋಳೇಶ್ವರ. ಕರಾಡದಲ್ಲಿ ಕೊಯ್ನೆಯನ್ನು ಕೂಡಿಕೊಂಡು ಹರಿಯುವ ಕೃಷ್ಣೆಯೇ ಮುಂದೆ ನಮ್ಮ ಕುಡಚಿಯ ಸೇತುವೆಯ ಕೆಳಗೆ ಹಾಯ್ದು ಹೋಗುತ್ತಾಳೆ. ಜಾಧವ್ ಓದಿದ್ದು ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ. ಅವರನ್ನು ಹೆಲ್ಸಿಂಕಿಗೆ ಕಳಿಸಲು ಹಣ ಸಾಲದಾದಾಗ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ಅವರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರೆಂದು ಹೇಳುತ್ತಾರೆ. ಊರವರೂ ಕೈಲಾದಷ್ಟು ಕೂಡಿಸಿ ಕೊಟ್ಟರು.

ನಮ್ಮ ರಾಯಬಾಗವೂ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿಯೇ ಇತ್ತೆಂಬುದು ಹಿರಿಯರಿಗೆ ಗೊತ್ತು. ಶಾಹು ಮಹಾರಾಜರು ಕುಸ್ತಿಗೆ ಖಾಸಬಾಗ್ ಮೈದಾನ ಕಟ್ಟಿಸಿದರು. ಅವರೇ 1906ರಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಕೊಲ್ಲಾಪುರದಲ್ಲಿ ಮಹಮೆಡನ್ ಎಜುಕೇಶನ್ ಸೊಸೈಟಿ ಸ್ಥಾಪನೆಯಾಗಲು ಕಾರಣರಾದರು. ತಾಲೀಮು ಮನೆಯೂ ಬೇಕು, ತಾಲೀಮೂ ಬೇಕು ಎಂದು ಅರಿತ ಅರಸರು ಅವರು. ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ನಮ್ಮ ಊರುಗಳಲ್ಲಿ ತಾಲೀಮು ಎಂದರೆ ಗರಡಿ. ಒಂದೇ ಶಬ್ದ ಎರಡೂ ಅರ್ಥ ಕೊಡುವುದರಲ್ಲಿ ನಮ್ಮ ಹಿರಿಯರ ವಿವೇಕ ಇದೆ ಎಂದು ನನಗೆ ಅನ್ನಿಸುತ್ತದೆ.

ಕೊನೆಯ ದಿನಗಳು

ಹೆಲ್ಸಿಂಕಿಯ ಸೋಲಿನ ಬಳಿಕ ಭಾರತದ ಫುಟ್ಬಾಲ್ ಆಡಳಿತ ಬೂಟನ್ನು ಕಡ್ಡಾಯಗೊಳಿಸಿತು. ಬರಿಗಾಲಿನ ಯುಗ ಮುಗಿಯಿತು. ಸೋಲಿನಿಂದ ಕಲಿತದ್ದು ವ್ಯರ್ಥವಾಗಲಿಲ್ಲ. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 10–1ರಿಂದ ನಾಲ್ಕನೆಯ ಸ್ಥಾನಕ್ಕೆ ನಾಲ್ಕು ವರ್ಷ! ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಂಡರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದೇ ಲೆಕ್ಕ.

ಅಹ್ಮದ್ ಖಾನ್ 1959ರವರೆಗೆ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿದ್ದರು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಅಷ್ಟು ಹೊತ್ತಿಗೆ ಅವರ ಆಟದ ದಿನಗಳು ಮುಗಿದಿದ್ದವು. ದೂರದರ್ಶನ ಇನ್ನೂ ಮನೆ ಮನೆಗೆ ಬಂದಿರಲಿಲ್ಲ, ಆದ್ದರಿಂದ ಅವರ ಆಟವನ್ನು ಇಂದು ನಾವು ಕಣ್ಣಾರೆ ನೋಡುವಂತಿಲ್ಲ. ಆಗಿನ ಆಟಗಾರರಿಗೆ ಇಂದಿನಂತೆ ಕೋಟಿಗಟ್ಟಲೆ ಹಣವೂ ಇರಲಿಲ್ಲ. 2017ರ ಆಗಸ್ಟ್ 27ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿಯೇ ನಿಧನರಾದರು. ಅಂದರೆ, ನಾವೆಲ್ಲ ಶಾಲೆಯಲ್ಲಿ ಓದುತ್ತಿದ್ದಾಗ, ಕೆಲಸಕ್ಕೆ ಸೇರುತ್ತಿದ್ದಾಗ, ಈ ಮಹನೀಯರು ನಮ್ಮದೇ ರಾಜಧಾನಿಯಲ್ಲಿ ಬದುಕಿದ್ದರು. ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಹೋಗಿ ಮಾತಾಡಿಸಿ ಬರೆದುಕೊಳ್ಳಬಹುದಿತ್ತು. ನಾವು ಹೋಗಲಿಲ್ಲ. ಈ ಕೊರಗು ನನ್ನಲ್ಲಿ ಉಳಿದಿದೆ.

ನಾವು ಏನು ಮಾಡಬೇಕು?

ವಿದ್ಯಾರ್ಥಿ ಮಿತ್ರರೇ, ಲೇಖನ ಓದಿ ಪುಟ ತಿರುವಿದರೆ ಪ್ರಯೋಜನವಿಲ್ಲ. ಮೂರು ಮಾತು ನಿಮ್ಮ ಮುಂದಿಡುತ್ತೇನೆ.

ಒಂದನೆಯದು, ಓದು ಮತ್ತು ಆಟ ಒಂದಕ್ಕೊಂದು ವೈರಿಗಳಲ್ಲ. ವೈದ್ಯರಾದ ಆವೊ, ಶಿಕ್ಷಕರಾದ ರಹೀಮ್ ಸಾಹೇಬರು, ಕಾಲೇಜು ಓದಿದ ಜಾಧವ್ ಇದಕ್ಕೆ ಸಾಕ್ಷಿ. ಸಮಯದ ಹೊಂದಿಕೆ ಬೇಕು, ಅಷ್ಟೆ. ಪಾಲಕರು ಹೆಣ್ಣುಮಕ್ಕಳಿಗೂ ಆಟದ ಮೈದಾನದಲ್ಲಿ ಜಾಗ ಕೊಡಬೇಕು. ನಮ್ಮ ಶಾಲೆಗಳಲ್ಲಿ ಸಂಜೆ ನಾಲ್ಕರ ಗಂಟೆ ಬಾರಿಸಿದ ಕೂಡಲೇ ಹುಡುಗರು ಚೆಂಡಿನತ್ತ ಓಡುತ್ತಾರೆ, ಹುಡುಗಿಯರು ಮನೆಗೆಲಸದತ್ತ ಓಡುತ್ತಾರೆ. ಇದು ಬದಲಾಗಬೇಕು.

ಎರಡನೆಯದು, ನಿಮ್ಮ ಓಣಿಯ ಹಿರಿಯರನ್ನು ಮಾತಾಡಿಸಿರಿ. ರಾಯಬಾಗ, ಕುಡಚಿ, ಚಿಕ್ಕೋಡಿ, ಅಥಣಿಗಳಲ್ಲಿ ಒಂದು ಕಾಲಕ್ಕೆ ಕುಸ್ತಿ ಹಿಡಿದವರು, ಚೆಂಡು ಆಡಿದವರು, ಓಟ ಓಡಿದವರು ಇನ್ನೂ ಇದ್ದಾರೆ. ಬೆಳಗಾವಿಯ ಚೌಗುಲೆಯವರು 1920ರಲ್ಲಿಯೇ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ ಬಂದರು ಎಂಬುದು ನಮ್ಮ ಜಿಲ್ಲೆಯಲ್ಲಿಯೇ ಎಷ್ಟು ಜನರಿಗೆ ಗೊತ್ತು? ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹೆಸರು, ಊರು, ವರ್ಷ, ಆಡಿದ ಪಂದ್ಯ, ಕಲಿಸಿದ ಉಸ್ತಾದರ ಹೆಸರು ಬರೆದುಕೊಳ್ಳಿ. ಮುಂದಿನ ವರ್ಷದ ಸಂಚಿಕೆಗೆ ಅದೇ ಒಳ್ಳೆಯ ಲೇಖನವಾಗುತ್ತದೆ. ಅಹ್ಮದ್ ಖಾನ್ ಅವರ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಮೂರನೆಯದು ಬಹು ಮುಖ್ಯವಾದದ್ದು. ನಿಮ್ಮಲ್ಲಿ ಕೆಲವರ ಪಂದ್ಯ ಈಗ 10–0 ಆಗಿರಬಹುದು. ಪರೀಕ್ಷೆಯಲ್ಲಿ ಅಂಕಗಳು ಬಂದಿರಲಿಕ್ಕಿಲ್ಲ, ಮನೆಯಲ್ಲಿ ಅನುಕೂಲ ಇರಲಿಕ್ಕಿಲ್ಲ, ಸುತ್ತಲಿನವರು "ಇವನಿಂದ ಏನಾದೀತು?" ಎಂದು ಕೈಚೆಲ್ಲಿರಬಹುದು. ಆಗ ಹೆಲ್ಸಿಂಕಿಯ ಚಳಿಯಲ್ಲಿ ಬರಿಗಾಲಿನಿಂದ ಓಡಿದ ಆ ಬೆಂಗಳೂರಿಗನನ್ನು ನೆನೆಯಿರಿ. ಸೀಟಿ ಊದುವವರೆಗೂ ಪಂದ್ಯ ಮುಗಿದಿಲ್ಲ. ಉಳಿದಿರುವುದು ಒಂದೇ ನಿಮಿಷವಾದರೂ ಅದು ನಿಮ್ಮದೇ ನಿಮಿಷ.

ಎದ್ದು ಓಡಿರಿ. ನಿಮಗೆ ಶುಭವಾಗಲಿ.